ಸೇವೆಗೆ ಸನ್ಮಾನ, ಧೈರ್ಯಕ್ಕೆ ದಂಡ

ತಮಿಳುನಾಡಿನ ತಿರುನಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂನಲ್ಲಿ 1870ರ ದಶಕದಲ್ಲಿ ಕಟ್ಟಿದ ಒಂದು ಚರ್ಚಿದೆ. ಬಲಿಪೀಠ ಒಂದೇ, ಜನ ಕೂರುವ ಸಭಾಂಗಣ ಎರಡು. ಎರಡು ಉದ್ದನೆಯ ಅಂಕಣಗಳು ಓರೆಯಾಗಿ ಬಂದು ಬಲಿಪೀಠದ ಬಳಿ ಕೂಡುತ್ತವೆ. ಒಂದರಲ್ಲಿ ಮೇಲುಜಾತಿಯ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು ಕೂರುತ್ತಿದ್ದರು, ನಡುವೆ ಗೋಡೆಯಿತ್ತು. ಪೂಜೆ ಅರ್ಪಿಸುವ ಗುರು ಎಲ್ಲರಿಗೂ ಕಾಣಬೇಕು, ಭಕ್ತರು ಮಾತ್ರ ಒಬ್ಬರಿಗೊಬ್ಬರು ಕಾಣಬಾರದು ಎಂಬುದು ಆ ಕಟ್ಟಡದ ಲೆಕ್ಕಾಚಾರ. 1910ರ ಸುಮಾರಿಗೆ ಅಲ್ಲಿನ ಪಾದ್ರಿ ಆ ಗೋಡೆಯನ್ನು ಕೆಡವಿಸಿದರು. ಮೇಲುಜಾತಿಯ ಕ್ರೈಸ್ತರು ಸುಮ್ಮನಿರಲಿಲ್ಲ, ಪ್ರತ್ಯೇಕವಾಗಿ ಕೂರುವುದು ತಮ್ಮ ಹಕ್ಕು ಎಂದು ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ.

ನೆರೆಯವನನ್ನು ಪ್ರೀತಿಸು ಎಂಬ ಬೋಧನೆಯನ್ನು ಹೊತ್ತುಕೊಂಡ ಧರ್ಮವೊಂದು ಜಾತಿ, ಮತ, ಭಾಷೆಗಳಿಂದ ಹೋಳಾದ ನೆಲದಲ್ಲಿ ಏನಾಯಿತು, ಏನು ಮಾಡಿತು, ಏನು ಮಾಡಲಾರದೆ ಹೋಯಿತು ಎಂದು ಕೇಳುವಾಗ ವಡಕ್ಕನ್‌ಕುಳಂನಿಂದ ಶುರುಮಾಡುವುದು ಒಳ್ಳೆಯದು. ಕ್ರೈಸ್ತರ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಶಾಲೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು, ಎಷ್ಟು ಸೇವೆ ಮಾಡಿದರು ಎಂಬುದು ಒಂದು. ಆ ಸೇವೆಯೆಲ್ಲ ಮತಾಂತರದ ಗಾಳ ಎಂಬುದು ಇನ್ನೊಂದು. ಹೊಗಳುವವರೂ ತೆಗಳುವವರೂ ಸೇವೆಯ ಹತ್ತಿರವೇ ನಿಂತುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅದರಾಚೆಗಿನ ಜಾಗ. ಒಡಕಿನಿಂದ ಯಾರಿಗೆ ಲಾಭವಿದೆಯೋ ಅವರನ್ನು ಎದುರು ಹಾಕಿಕೊಳ್ಳುವ ಹೊತ್ತು ಬಂದಾಗ, ಅದರಲ್ಲೂ ಆ ಲಾಭ ಪಡೆಯುವವರು ತಮ್ಮದೇ ಸಭೆಯ ಮುಂದಿನ ಸಾಲಿನಲ್ಲಿ ಕೂತವರಾದಾಗ, ಪ್ರೀತಿ ಎಷ್ಟು ದೂರ ನಡೆಯಿತು? ಭಾರತದ ಕ್ರೈಸ್ತರ ಕಳೆದ ಎರಡು ಶತಮಾನಗಳನ್ನು ಈ ಪ್ರಶ್ನೆಯಿಂದ ನೋಡಿದರೆ ಕಾಣುವ ಚಿತ್ರ ಬೇರೆ.

ಸೇವೆಯನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದ್ದು ಆಲದ ಮರದ ಕೆಳಗೆ. ಹತ್ತು ವರ್ಷಗಳಲ್ಲಿ ಅಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಎದ್ದಿತು. ಮನೆಯವರೇ ಹೊರಹಾಕಿದ ದೇಹಗಳನ್ನು ಮುಟ್ಟಿ ತೊಳೆಯುವವರು ಆ ಕಾಲಕ್ಕೆ ಬೇರೆ ಯಾರಿದ್ದರು? ವೆಲ್ಲೂರಿನ ಕಥೆಯನ್ನೂ ನೆನೆಯಬೇಕು. 1890ರ ದಶಕದಲ್ಲಿ ಐಡಾ ಸ್ಕಡರ್ ಎಂಬ ತರುಣಿ ತಿಂಡಿವನಂನಲ್ಲಿ ವೈದ್ಯರಾಗಿದ್ದ ತಂದೆಯ ಮನೆಗೆ ಬಂದಿದ್ದಳು. ಒಂದೇ ರಾತ್ರಿ ಮೂರು ಮನೆಗಳಿಂದ ಗಂಡಂದಿರು ಒಬ್ಬರಾದ ಮೇಲೆ ಒಬ್ಬರು ಬಂದರು; ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಬೇರೆ ಮೇಲುಜಾತಿಯವ. ಹೆರಿಗೆಯಲ್ಲಿ ಹೆಂಡತಿ ಸಾಯುತ್ತಿದ್ದಾಳೆ, ನೀನು ಬಾ ಎಂದರು. ನನಗೆ ವೈದ್ಯ ಗೊತ್ತಿಲ್ಲ, ನನ್ನ ತಂದೆ ಬರುತ್ತಾರೆ ಎಂದಳು. ಗಂಡಸು ಒಳಗೆ ಬರುವಂತಿಲ್ಲ ಎಂದು ಮೂವರೂ ತಿರುಗಿ ಹೋದರು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ ಮರಳಿದಳು, 1900ರಲ್ಲಿ ಒಂದು ಸಣ್ಣ ಚಿಕಿತ್ಸಾಲಯ ತೆರೆದಳು, 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ಆರಂಭಿಸಿದಳು. ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬೆಳೆದದ್ದು ಅಲ್ಲಿಂದ. ಆ ರಾತ್ರಿ ಬಾಗಿಲಿಗೆ ಬಂದ ಮೂವರ ನಡುವೆ ಊಟ, ನೀರು, ದೇವರು ಯಾವುದರಲ್ಲೂ ಹೊಂದಾಣಿಕೆಯಿರಲಿಲ್ಲ. ಹೆಂಗಸಿನ ಜೀವಕ್ಕಿಂತ ಮರ್ಯಾದೆ ದೊಡ್ಡದು ಎಂಬ ಒಂದರಲ್ಲಿ ಮಾತ್ರ ಮೂವರೂ ಒಂದಾಗಿದ್ದರು.

ನಮ್ಮ ಕರಾವಳಿಯ ಬಾಸೆಲ್ ಮಿಷನ್ ಕಥೆಯಲ್ಲಿ ಇನ್ನೊಂದು ಪಾಠವಿದೆ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನರಿಗಳನ್ನು ನಾವು ನೆನೆಯುವುದು ಮೋಗ್ಲಿಂಗರ 1843ರ ‘ಮಂಗಳೂರ ಸಮಾಚಾರ’ಕ್ಕಾಗಿ, ಕಿಟೆಲರ 1894ರ ನಿಘಂಟಿಗಾಗಿ, ಹಂಚಿಗಾಗಿ. ಆದರೆ ಧರ್ಮ ಸಾರಲು ಬಂದವರು ಮಗ್ಗ, ಹಂಚು ಎಂದು ಕಾರ್ಖಾನೆ ಹಾಕಿದ್ದೇಕೆ? ಕ್ರೈಸ್ತನಾದವನನ್ನು ಊರು ಹೊರಗಿಡುತ್ತಿತ್ತು. ಗದ್ದೆ ಕೊಟ್ಟ ಒಡೆಯ ಬಿಡಿಸುತ್ತಿದ್ದ, ಮನೆ ಹೋಗುತ್ತಿತ್ತು, ಕುಲಕಸುಬಿಗೆ ಗಿರಾಕಿ ಸಿಗುತ್ತಿರಲಿಲ್ಲ. ದೀಕ್ಷಾಸ್ನಾನ ಕೊಟ್ಟ ಮೇಲೆ ಹೊಟ್ಟೆಪಾಡಿನ ಹೊಣೆಯನ್ನೂ ಹೊರಬೇಕಾಯಿತು. 1865ರಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆಯಲ್ಲಿ ಹಿಂದೆ ಒಂದೇ ಬಾವಿಯ ನೀರು ಕುಡಿಯದಿದ್ದ ಕುಲಗಳವರು ಅಕ್ಕಪಕ್ಕ ನಿಂತು ಜೇಡಿ ತುಳಿದರು. ಈ ಏರ್ಪಾಡಿನಲ್ಲಿ ಯುರೋಪಿನ ಯಜಮಾನಿಕೆಯ ಗತ್ತೂ ಇತ್ತು, ಕಾರ್ಮಿಕರ ಬದುಕಿನ ಮೇಲೆ ಸಭೆಯ ಬಿಗಿ ಕಣ್ಣೂ ಇತ್ತು. ಆದರೂ ಒಡಕಿನ ಬೇರು ದುಡಿಮೆಯಲ್ಲಿ, ನೆಲದಲ್ಲಿ, ಮನೆಯಲ್ಲಿ ಇದೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಸೇವೆಗೆ ಸಿಗುವ ಮೆಚ್ಚುಗೆಯಲ್ಲಿ ಒಂದು ಅಪಾಯವಿದೆ. ರೋಗಿಯ ಹಾಸಿಗೆಯ ಬಳಿ ನಿಂತವರನ್ನು ಎಲ್ಲರೂ ಗೌರವಿಸುತ್ತಾರೆ, ಏಕೆಂದರೆ ಅಲ್ಲಿ ಯಾರ ಗದ್ದೆಯ ಪಾಲೂ ಕಡಿಮೆಯಾಗುವುದಿಲ್ಲ. ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು ಕಟ್ಟಿದ ಸಭೆಗೆ ಕಳೆದುಕೊಳ್ಳಲು ಆಸ್ತಿ ಬರುತ್ತದೆ, ಅನುಮತಿಪತ್ರಕ್ಕೆ ಸರಕಾರದ ಬಾಗಿಲು ಕಾಯಬೇಕಾಗುತ್ತದೆ, ಬಾಯಿ ಮೆಲ್ಲಗಾಗುತ್ತದೆ. ಇದು ಭಾರತದ ಚರ್ಚುಗಳಿಗೆ ನಿಜವಾಗಿ ಆಗಿದೆ. ಹಾಗಾಗಿಯೇ ಸೇವೆ ಮತ್ತು ಧೈರ್ಯ ಎರಡನ್ನೂ ಒಟ್ಟಿಗೆ ಹಿಡಿದವರತ್ತ ನನ್ನ ಕಣ್ಣು ಹೋಗುತ್ತದೆ. ಅವರಲ್ಲಿ ಮೊದಲ ಹೆಸರು ನಮ್ಮ ಕಾರ್ಕಳ ಸೀಮೆಯ ಹೆಣ್ಣುಮಗಳದ್ದು.

ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಾಳ ಊರಿನವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಪಂಡಿತರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕಾಗಿ ಬಂದು, ಕೊನೆಗೆ ಊರ ಸಹವಾಸವೇ ಬೇಡವೆಂದು ಕಾಡಿಗೆ ಹೋದವರು. ತಾಯಿ ಲಕ್ಷ್ಮೀಬಾಯಿ ಮಗಳಿಗೆ ಪುರಾಣಗಳನ್ನು ಬಾಯಿಪಾಠ ಮಾಡಿಸಿದರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಸತ್ತರು. ಅಣ್ಣನೊಂದಿಗೆ ದೇಶವೆಲ್ಲ ನಡೆದ ರಮಾಬಾಯಿ 1878ರಲ್ಲಿ ಕಲ್ಕತ್ತ ಮುಟ್ಟಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಕರೆದರು. ಆಕೆ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯನ್ನು ಮದುವೆಯಾದರು. ಎರಡೇ ವರ್ಷಕ್ಕೆ ವಿಧವೆಯಾದರು, ಕೈಯಲ್ಲಿ ಎಳೆಯ ಮಗಳು.

1883ರಲ್ಲಿ ಇಂಗ್ಲೆಂಡಿನಲ್ಲಿ ಆಕೆ ದೀಕ್ಷಾಸ್ನಾನ ಪಡೆದ ಸುದ್ದಿ ಪುಣೆಗೆ ಮುಟ್ಟಿದಾಗ ಸುಧಾರಕರೂ ಸಿಟ್ಟಾದರು. ಅಲ್ಲಿಗೆ ನಿಲ್ಲಿಸಿದರೆ ಇದು ಮತಾಂತರದ ಇನ್ನೊಂದು ಕಥೆಯಾಗುತ್ತಿತ್ತು. ಆದರೆ ದೀಕ್ಷೆ ಕೊಟ್ಟ ಆಂಗ್ಲಿಕನ್ ಸಂನ್ಯಾಸಿನಿಯರು ಆಕೆಯಿಂದ ವಿಧೇಯತೆಯನ್ನು ನಿರೀಕ್ಷಿಸಿದಾಗ ರಮಾಬಾಯಿ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಒಂದು ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವಳು ಇನ್ನೊಂದನ್ನು ಹೆಗಲಿಗೇರಿಸಿಕೊಳ್ಳುವುದಿಲ್ಲ ಎಂಬುದು ಅವರ ನಿಲುವಿನ ಸಾರ. ಕ್ರೈಸ್ತರಾದ ಮೇಲೂ ಸಸ್ಯಾಹಾರ ಬಿಡಲಿಲ್ಲ. ಯೇಸುವನ್ನು ಒಪ್ಪಿದ್ದಕ್ಕೆ ಇಂಗ್ಲಿಷರ ಊಟ-ಉಡುಗೆಯನ್ನೂ ಒಪ್ಪಬೇಕು ಎಂಬುದನ್ನು ಅವರು ಕೊನೆಯವರೆಗೆ ಒಪ್ಪಲಿಲ್ಲ.

1889ರಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದಾಗ ಅದರಲ್ಲಿ ಜಾತಿಯ ಆಚಾರಕ್ಕೆ ಅಡ್ಡಿಯಿರಲಿಲ್ಲ. ಕೆಲವು ಹುಡುಗಿಯರು ತಮ್ಮ ಇಚ್ಛೆಯಿಂದ ರಮಾಬಾಯಿಯ ಪ್ರಾರ್ಥನೆಗೆ ಬಂದು ಕೂರತೊಡಗಿದ್ದೇ ದೊಡ್ಡ ಗದ್ದಲವಾಯಿತು. ರಾನಡೆ, ಭಂಡಾರ್ಕರ್ ಅವರಂಥ ಹಿರಿಯರು ಸಲಹಾ ಮಂಡಳಿ ಬಿಟ್ಟು ಹೋದರು. ಅವರ ಆತಂಕವನ್ನು ಇಂದು ನಿಂತು ತಳ್ಳಿಹಾಕುವುದು ಸರಿಯಲ್ಲ. ಪೋಷಕರಿಗೆ ಕೊಟ್ಟ ಮಾತಿನ ಪ್ರಶ್ನೆ ಅಲ್ಲಿತ್ತು. ಆದರೆ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದು ಒಬ್ಬ ಹೆಂಗಸಿಗೆ ಹೇಳುವುದೂ ಸರಿಯಲ್ಲ. ಆಮೇಲೆ 1896ರಿಂದ ಮಧ್ಯಭಾರತದ ಬರ. ತಾನು ಹಸಿವಿನಲ್ಲಿ ನಡೆದ ದಾರಿಯ ನೆನಪಿದ್ದ ರಮಾಬಾಯಿ ನೂರಾರು ಹುಡುಗಿಯರನ್ನು ಬರದ ನಾಡಿನಿಂದ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ‘ಮುಕ್ತಿ’ ಬೆಳೆಯಿತು. ಅಲ್ಲಿ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಇದ್ದರು. ನೇಯ್ದರು, ಬೇಸಾಯ ಮಾಡಿದರು, ಅಚ್ಚುಮೊಳೆ ಜೋಡಿಸಿದರು. ರಮಾಬಾಯಿ ಮೂಲ ಹೀಬ್ರೂ, ಗ್ರೀಕ್ ಕಲಿತು ಮಾಡಿದ ಮರಾಠಿ ಸತ್ಯವೇದವನ್ನು ಅಚ್ಚು ಹಾಕಿದವರು ಈ ಹೆಂಗಸರೇ.

1897ರಲ್ಲಿ ಪುಣೆಗೆ ಪ್ಲೇಗು ಬಂತು. ಸರಕಾರ ಸೈನಿಕರನ್ನು ಮನೆ ಶೋಧಿಸಲು ಕಳಿಸಿತು. ಪ್ಲೇಗು ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ, ತಮ್ಮ ಹುಡುಗಿಯೊಬ್ಬಳೇ ಅಲ್ಲಿಂದ ಕಾಣೆಯಾದಳು ಎಂದು ರಮಾಬಾಯಿ ಪತ್ರಿಕೆಗೆ ಬರೆದರು. ಗವರ್ನರ್ ಅಲ್ಲಗಳೆದ. ಕ್ರೈಸ್ತ ದೊರೆಗಳ ಆಡಳಿತವನ್ನು ಕ್ರೈಸ್ತ ಹೆಂಗಸು ಬಹಿರಂಗವಾಗಿ ದೂರಿದ್ದು ಮಿಷನರಿ ವಲಯಕ್ಕೂ ಇರುಸುಮುರುಸಾಯಿತು. ಹುಟ್ಟಿದ ಸಮಾಜದ ಶಾಸ್ತ್ರಿಗಳು, ಸೇರಿದ ಚರ್ಚಿನ ಅಧಿಕಾರಿಗಳು, ಆಳುವ ಸರಕಾರ, ಈ ಮೂವರಿಗೂ ಒಂದೇ ಗಂಟಲಿನಿಂದ ಉತ್ತರ ಕೊಟ್ಟ ಮತ್ತೊಬ್ಬರನ್ನು ಆ ಕಾಲದ ಭಾರತದ ಕ್ರೈಸ್ತರಲ್ಲಿ ನಾನು ಕಾಣೆ. ಆಕೆ ಹುಟ್ಟಿದ ನಾಡಾದ ನಮ್ಮಲ್ಲಿ ಆಕೆಯ ನೆನಪು ಇಷ್ಟು ತೆಳ್ಳಗಿರುವುದು ನನಗೆ ನೋವು ತರುತ್ತದೆ.

ಇದೇ ಸಾಲಿಗೆ ಸೇರುವ ವಿದೇಶೀಯರೆಂದರೆ ಸಿ. ಎಫ್. ಆಂಡ್ರೂಸ್. 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಬಂದ ಇವರಿಗೆ ಪ್ರಿನ್ಸಿಪಾಲರ ಹುದ್ದೆ ಸಿಗುವಂತಿತ್ತು. ಭಾರತೀಯರಾದ ಸುಶೀಲ್ ಕುಮಾರ್ ರುದ್ರ ಅವರೇ ಆಗಬೇಕೆಂದು ಪಟ್ಟು ಹಿಡಿದು ತಾವು ಅವರ ಕೈಕೆಳಗೆ ದುಡಿದರು. 1914ರ ಆರಂಭದಲ್ಲಿ ಡರ್ಬನ್ ಬಂದರಿನಲ್ಲಿ ಇಳಿದು ಗಾಂಧೀಜಿಯ ಪಾದ ಮುಟ್ಟಿ ನಮಸ್ಕರಿಸಿದಾಗ ಅಲ್ಲಿನ ಬಿಳಿಯರ ಪತ್ರಿಕೆಗಳಿಗೆ ಅದು ಸಹಿಸಲಾಗದ ಸುದ್ದಿಯಾಯಿತು. ಮರುವರ್ಷ ಪಿಯರ್ಸನ್ ಜೊತೆ ಫಿಜಿಗೆ ಹೋಗಿ, ಗಿರ್ಮಿಟ್ ಕರಾರಿನಲ್ಲಿ ಕಬ್ಬಿನ ತೋಟಗಳಲ್ಲಿ ಸಿಕ್ಕಿಬಿದ್ದ ಭಾರತೀಯ ಕೂಲಿಗಳ ಸ್ಥಿತಿಯನ್ನು ವರದಿ ಮಾಡಿದರು. ಆ ಕರಾರು ಪದ್ಧತಿ ಕೊನೆಗಾಣುವಲ್ಲಿ ಆ ವರದಿಯ ಪಾತ್ರ ದೊಡ್ಡದು. ಅವರಿಗೆ ‘ದೀನಬಂಧು’ ಎಂಬ ಹೆಸರು ನಿಂತಿತು.

ಧೈರ್ಯ ಎಂದರೆ ಎಲ್ಲ ಕಡೆಗೂ ನುಗ್ಗುವುದೇ ಎಂಬ ಪ್ರಶ್ನೆಯೂ ಇದೆ. ತಿರುವಾಂಕೂರಿನಲ್ಲಿ 1924ರಲ್ಲಿ ನಡೆದ ವೈಕಂ ಸತ್ಯಾಗ್ರಹದಲ್ಲಿ ಕ್ರೈಸ್ತರಾದ ಬ್ಯಾರಿಸ್ಟರ್ ಜಾರ್ಜ್ ಜೋಸೆಫ್ ಮುಂಚೂಣಿಯಲ್ಲಿದ್ದರು. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರು ನಡೆಯುವ ಹಕ್ಕಿಗಾಗಿ ಜೈಲಿಗೂ ಹೋದರು. ಇದು ಹಿಂದೂಗಳು ಮಾಡಬೇಕಾದ ಪ್ರಾಯಶ್ಚಿತ್ತ, ಕ್ರೈಸ್ತರು ಬಿಟ್ಟುಕೊಡಲಿ ಎಂದು ಗಾಂಧೀಜಿ ಬರೆದರು. ಜೋಸೆಫರ ವಾದ ಬೇರೆಯಿತ್ತು: ಸಾರ್ವಜನಿಕ ರಸ್ತೆಯಲ್ಲಿ ನಡೆಯುವುದು ನಾಗರಿಕ ಹಕ್ಕು, ಅದು ಒಂದು ಧರ್ಮದವರ ಮನೆವಾರ್ತೆಯಲ್ಲ. ನನ್ನ ಮಟ್ಟಿಗೆ ಜೋಸೆಫರೇ ಸರಿ. ಆದರೆ ಗಾಂಧೀಜಿಯ ಮಾತಿನಲ್ಲಿ ಕ್ರೈಸ್ತರಿಗೆ ತಾಕಬೇಕಾದ ಮುಳ್ಳೂ ಇತ್ತು. ಅದೇ ತಿರುವಾಂಕೂರಿನಲ್ಲಿ ಸಿರಿಯನ್ ಕ್ರೈಸ್ತರು ತಮ್ಮ ಚರ್ಚಿಗೆ ಸೇರಿದ ದಲಿತರನ್ನು ಬೇರೆಯಾಗಿಯೇ ಇಟ್ಟಿದ್ದರು. ಮಾರ್ತೋಮಾ ಸಭೆ ಸೇರಿ, ಅಲ್ಲಿ ಜಾತಿ ಕಂಡು ಬ್ರದರನ್ ಸಭೆಗೆ ಹೋಗಿ, ಅಲ್ಲೂ ಅದನ್ನೇ ಕಂಡು, 1909ರ ಹೊತ್ತಿಗೆ ತನ್ನದೇ ಪ್ರತ್ಯಕ್ಷ ರಕ್ಷಾ ದೈವ ಸಭೆಯನ್ನು ಕಟ್ಟಿದ ಪೊಯ್ಕಯಿಲ್ ಯೋಹನ್ನಾನ್ ಅವರ ಜೀವನ ಆ ಕಾಲದ ಚರ್ಚುಗಳ ಮೇಲಿನ ಬಹಳ ಕಟುವಾದ ವಿಮರ್ಶೆ.

ಸ್ವಾತಂತ್ರ್ಯದ ಹೊತ್ತಿಗೆ ಬರೋಣ. ಸಂವಿಧಾನ ರಚನಾ ಸಭೆಯಲ್ಲಿ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನ ಬೇಕೇ ಎಂಬ ಚರ್ಚೆ ನಡೆದಾಗ ಕ್ರೈಸ್ತ ನಾಯಕರು ಅದನ್ನು ಕೈಬಿಟ್ಟರು. ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿ ಕ್ರೈಸ್ತರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಜೆರೋಮ್ ಡಿಸೋಜಾ ಸದಸ್ಯರಾಗಿದ್ದರು. ದೇಶ ಆಗತಾನೇ ಧರ್ಮದ ಹೆಸರಿನಲ್ಲಿ ಸೀಳಿತ್ತು. ಆ ಹೊತ್ತಿನಲ್ಲಿ ಬಹುಸಂಖ್ಯಾತ ನೆರೆಯವರ ಒಳ್ಳೆಯತನದ ಮೇಲೆ ಭರವಸೆಯಿಟ್ಟು ಕೈಯಲ್ಲಿದ್ದ ರಕ್ಷಣೆಯನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಇದನ್ನು ನಾವು ಶಾಲೆಯಲ್ಲಿ ಓದಲೇ ಇಲ್ಲ.

ಆದರೆ ಮೀಸಲು ಬಿಟ್ಟುಕೊಟ್ಟ ನಾಯಕರಿಗೆ ಸ್ವಂತಕ್ಕೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಬೆಲೆ ತೆತ್ತವರು ಬೇರೆ. 1950ರ ರಾಷ್ಟ್ರಪತಿ ಆಜ್ಞೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಇಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಪ್ರಕರಣವನ್ನು ನೋಡಿ. ಚಮ್ಮಾರಿಕೆ ಮಾಡುವವರಿಗೆ ಸರಕಾರ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಡುವ ಯೋಜನೆ ಬಂತು. ಅದೇ ರಸ್ತೆ, ಅದೇ ಕಸುಬು, ಅದೇ ಆದಿದ್ರಾವಿಡ ಮೂಲ. ಈತ ಕ್ರೈಸ್ತ ಎಂಬ ಕಾರಣಕ್ಕೆ ಅಂಗಡಿ ಸಿಗಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮತಾಂತರದ ನಂತರವೂ ಜಾತಿ ಮುಂದುವರಿಯುತ್ತದೆ ಎಂದಷ್ಟೇ ತೋರಿಸಿದರೆ ಸಾಲದು, ಹೊಸ ಧರ್ಮದಲ್ಲೂ ಅಷ್ಟೇ ತೀವ್ರವಾದ ಹಿಂದುಳಿದಿರುವಿಕೆ ಇದೆಯೆಂದು ತೋರಿಸಬೇಕು ಎಂದು 1985ರಲ್ಲಿ ನ್ಯಾಯಾಲಯ ಹೇಳಿ ಅರ್ಜಿ ತಳ್ಳಿಹಾಕಿತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ಷರತ್ತನ್ನು ತೆಗೆಯಲು ಶಿಫಾರಸು ಮಾಡಿತು. 2022ರಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ಬಂತು, ಅದರ ಅವಧಿಯನ್ನೂ ವಿಸ್ತರಿಸಲಾಯಿತು.

ಸೂಸೈ ಪ್ರಕರಣ ಚರ್ಚಿಗೆ ಒಂದು ಇಕ್ಕಟ್ಟನ್ನು ತಂದೊಡ್ಡುತ್ತದೆ. ದಲಿತ ಕ್ರೈಸ್ತರಿಗೆ ನ್ಯಾಯ ಕೇಳಬೇಕಾದರೆ ತನ್ನೊಳಗೆ ಅಸ್ಪೃಶ್ಯತೆ ಇದೆ ಎಂದು ಚರ್ಚು ಪುರಾವೆ ಸಮೇತ ಒಪ್ಪಿಕೊಳ್ಳಬೇಕು. ದೆಹಲಿಯಲ್ಲಿ ಧರಣಿ ಕೂರುವುದಕ್ಕಿಂತ ಇದು ಕಷ್ಟ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ವಿರುದ್ಧ ಹೋರಾಟ ಈ ಶತಮಾನದಲ್ಲೂ ನಡೆದಿದೆ. ವಿಳುಪ್ಪುರಂ ಸೀಮೆಯ ಎರೈಯೂರಿನಲ್ಲಿ ದಲಿತ ಕ್ಯಾಥೋಲಿಕರು ತಮಗೇ ಒಂದು ಧರ್ಮಕೇಂದ್ರ ಕೊಡಿ ಎಂದು ಕೇಳುವ ಮಟ್ಟಕ್ಕೆ ಬಂದಿದ್ದರು. 2008ರ ಮಾರ್ಚಿನಲ್ಲಿ ಅಲ್ಲಿನ ಘರ್ಷಣೆಯಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತರು. ಎರಡೂ ಕಡೆ ಜಪಮಾಲೆ ಹಿಡಿಯುವವರೇ. 2016ರಲ್ಲಿ ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರು ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದು ಚರ್ಚಿನೊಳಗೆ ಜಾತಿಭೇದ ಇದೆ ಎಂದು ಒಪ್ಪಿಕೊಂಡರು. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಪೂಲಾ ಆಂಥೋನಿ ಮೊದಲ ದಲಿತ ಕಾರ್ಡಿನಲ್ ಆದರು. ಭಾರತೀಯ ಕ್ಯಾಥೋಲಿಕರಲ್ಲಿ ದಲಿತರು ಬಹುದೊಡ್ಡ ಪಾಲು ಎಂಬುದನ್ನು ನೆನೆದರೆ ಇದು ಎಷ್ಟು ತಡ!

ಕರ್ನಾಟಕದವರು ದೂರ ನಿಂತು ನೋಡುವಂತಿಲ್ಲ. ಕರಾವಳಿಯ ಕ್ಯಾಥೋಲಿಕರಲ್ಲಿ ಬಾಮಣ, ಚಾರಡಿ ಎಂಬ ಜಾತಿಭೇದಗಳು ಸಂಬಂಧ ನೋಡುವಾಗ ಇಂದಿಗೂ ಪಿಸುಮಾತಿನಲ್ಲಿ ಕೇಳುತ್ತವೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಾಗ ಬೆಂಗಳೂರಿನಲ್ಲಿ ಯಾರ ಭಾಷೆ ಎಂಬ ಜಗಳ ಶುರುವಾಯಿತು. ಕನ್ನಡ, ತಮಿಳು, ಕೊಂಕಣಿ ಎಂದು ದಶಕಗಳ ಕಾಲ ಚರ್ಚಿನ ಅಂಗಳದಲ್ಲೇ ಧಿಕ್ಕಾರ ಮೊಳಗಿದೆ. ಕನ್ನಡದ ನೆಲದಲ್ಲಿ ಕನ್ನಡದ ಪೂಜೆಗೆ ಹೋರಾಡಬೇಕಾದವರ ನೋವು ನಿಜವಾದದ್ದು; ಅದನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ತಲೆಮಾರುಗಳಿಂದ ಇಲ್ಲೇ ಕೂಲಿ ಮಾಡಿ ಬದುಕಿದ ತಮಿಳು ಬಡವರ ಪ್ರಾರ್ಥನೆಯ ಮೇಲೆ ಆ ಸಿಟ್ಟು ತಿರುಗಿದಾಗ ಮಾತ್ರ ದಾರಿ ತಪ್ಪಿತು.

ಹೊರಗಿನ ಹಗೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಒಡೆದರು. ಕರಾವಳಿಯ ಇನ್ನೂ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಯಾಯಿತು. ಮತಾಂತರ ತಡೆಯ ಕಾನೂನುಗಳು 1967ರಲ್ಲಿ ಒಡಿಶಾದಿಂದ ಶುರುವಾಗಿ 2022ರಲ್ಲಿ ನಮ್ಮ ರಾಜ್ಯಕ್ಕೂ ಬಂದವು. 2023ರಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ.

ಕಂಧಮಾಲ್ ಮಾತ್ರ ನಿಂತು ನೋಡಬೇಕಾದ ಜಾಗ. 2008ರ ಆಗಸ್ಟ್ 23ರಂದು ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರ ಹತ್ಯೆಯಾಯಿತು. ಮಾವೋವಾದಿಗಳು ಹೊಣೆ ಹೊತ್ತರೂ ಸೇಡು ಕ್ರೈಸ್ತರ ಹಳ್ಳಿಗಳ ಮೇಲೆ ತೀರಿತು. ಹತ್ತಾರು ಜನ ಸತ್ತರು, ಸಾವಿರಾರು ಮನೆಗಳು ಸುಟ್ಟವು, ಕುಟುಂಬಗಳು ಕಾಡಿಗೆ ಓಡಿದವು. ಬರಗಢ ಜಿಲ್ಲೆಯ ಪದಂಪುರದ ಅನಾಥಾಲಯದಲ್ಲಿ ಸುಟ್ಟುಹೋದ ರಜನಿ ಮಾಝಿ ಹಿಂದೂ ತರುಣಿ. ಆದರೆ ಕಂಧಮಾಲನ್ನು ಹಿಂದೂ-ಕ್ರೈಸ್ತ ಜಗಳ ಎಂದಷ್ಟೇ ಓದಿದರೆ ಅರ್ಧ ಕೈತಪ್ಪುತ್ತದೆ. ಅಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಪಾಣ ದಲಿತರು, ಎದುರು ನಿಂತವರಲ್ಲಿ ಕಂಧ ಆದಿವಾಸಿಗಳಿದ್ದರು. ನೆಲ, ಸಾಲ, ಮೀಸಲಾತಿಯ ಮೇಲಿನ ಹಳೆಯ ಕಹಿ ಅಲ್ಲಿತ್ತು. ಈ ಕಹಿಯನ್ನು ಇಳಿಸಲು ಮೊದಲೇ ಕೂತು ಮಾತಾಡಿದ್ದರೆ ಎಂದು ಆ ಊರಿನ ಸಭೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಇಂದಿಗೂ ಇದೆ. ಹಿಂಸೆ ಮಾಡಿದವರ ಹೊಣೆ ಅದರಿಂದ ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಹಗೆಗೆ ಉತ್ತರವಾಗಿ ಬಂದ ಕ್ಷಮೆಯ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಆಸ್ಟ್ರೇಲಿಯದ ಗ್ರಹಾಂ ಸ್ಟೈನ್ಸ್ 1965ರಿಂದ ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರನ್ನೂ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯನ್ನೂ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಲೆಗಾರರನ್ನು ಕ್ಷಮಿಸಿದ್ದೇನೆ ಎಂದರು. ಆ ಮಾತನ್ನು ದೇಶವೆಲ್ಲ ಕೊಂಡಾಡಿತು. ಅಷ್ಟಾಗಿ ಗಮನಕ್ಕೆ ಬಾರದ್ದು ಎರಡು. ಕ್ಷಮೆ ಬೇರೆ, ಕಾನೂನಿನ ಶಿಕ್ಷೆ ಬೇರೆ ಎಂಬುದನ್ನು ಅವರು ಬೆರೆಸಲಿಲ್ಲ. ವಿಚಾರಣೆ ತನ್ನ ದಾರಿಯಲ್ಲಿ ನಡೆಯಿತು. ಮತ್ತು ಅವರು ಮಗಳೊಂದಿಗೆ ಬಾರಿಪದಾದಲ್ಲೇ ಇದ್ದು, 2004ರ ಹೊತ್ತಿಗೆ ಗಂಡನ ನೆನಪಿನ ಆಸ್ಪತ್ರೆ ತೆರೆಯುವವರೆಗೂ ಅದೇ ರೋಗಿಗಳ ಕೆಲಸ ಮಾಡಿದರು. ಇಂಥ ಕ್ಷಮೆಯನ್ನು ಬಲಹೀನರ ಕೊನೆಯ ಆಸರೆ ಎನ್ನುವವರನ್ನು ನಾನು ಒಪ್ಪಲಾರೆ.

ಇನ್ನೊಂದು ಮಧ್ಯಪ್ರದೇಶದ್ದು. ಕೇರಳದ ಪುಲ್ಲುವಳಿಯ ಸಿಸ್ಟರ್ ರಾಣಿ ಮಾರಿಯಾ ದೇವಾಸ ಜಿಲ್ಲೆಯ ಉದಯನಗರದಲ್ಲಿ ಬಡ ಆದಿವಾಸಿ ಕೂಲಿಗಳನ್ನು ಸಂಘಟಿಸುತ್ತಿದ್ದರು. ಬ್ಯಾಂಕಿನ ಸಾಲ, ಸರಕಾರದ ಸವಲತ್ತು ಎಂದು ಜನರಿಗೆ ದಾರಿ ತೋರುವ ಈ ಹೆಂಗಸು, ಸಾಲದ ಬಡ್ಡಿಯ ಹೆಸರಿನಲ್ಲಿ ನೆಲ, ಬೆಳೆ ನುಂಗುತ್ತಿದ್ದ ಜಮೀನ್ದಾರರ ಕಣ್ಣಿನ ಕಸವಾದರು. ಮದ್ದು ಕೊಟ್ಟು, ಅಕ್ಷರ ಕಲಿಸಿ ಸುಮ್ಮನಿದ್ದಿದ್ದರೆ ಸಭೆ ಕರೆದು ಶಾಲು ಹೊದಿಸುತ್ತಿದ್ದರೇನೋ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ, ಪ್ರಯಾಣಿಕರ ಕಣ್ಣೆದುರಿಗೆ, ಸಮಂದರ್ ಸಿಂಗ್ ಎಂಬ ಬಾಡಿಗೆ ಯುವಕ ಅವರನ್ನು ಇರಿದ. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯಗಳು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅವನನ್ನು ಬಳಸಿದವರು ಕೈಬಿಟ್ಟರು, ಹೆಂಡತಿ ಬಿಟ್ಟುಹೋದಳು. ಹೊರಗೆ ಬಂದು ಕೊಲೆ ಮಾಡಿಸಿದವನನ್ನೇ ಮುಗಿಸಬೇಕೆಂದುಕೊಂಡಿದ್ದ. ಸ್ವಾಮಿ ಸದಾನಂದ ಎಂಬ ಕ್ಯಾಥೋಲಿಕ್ ಗುರು ಜೈಲಿಗೆ ಹೋಗಿ ಹೋಗಿ ಅವನ ಮನಸ್ಸು ತಿರುಗಿಸಿದರು. 2002ರ ರಕ್ಷಾಬಂಧನದಂದು ರಾಣಿ ಮಾರಿಯಾರ ಸ್ವಂತ ತಂಗಿ ಸೆಲ್ಮಿ ಪೌಲ್, ತಾನೂ ಸಂನ್ಯಾಸಿನಿ, ಇಂದೋರಿನ ಜೈಲಿನಲ್ಲಿ ಅವನ ಕೈಗೆ ರಾಖಿ ಕಟ್ಟಿದರು. ರಾಣಿ ಮಾರಿಯಾರ ಮನೆಯವರೇ ಬರೆದುಕೊಟ್ಟ ಮೇಲೆ 2006ರಲ್ಲಿ ಅವನ ಬಿಡುಗಡೆಯಾಯಿತು. ಕೇರಳಕ್ಕೆ ಹೋಗಿ ಆ ತಂದೆತಾಯಿಯನ್ನು ಕಂಡ. 2017ರಲ್ಲಿ ಇಂದೋರಿನಲ್ಲಿ ರಾಣಿ ಮಾರಿಯಾರನ್ನು ಪುನೀತೆ ಎಂದು ಘೋಷಿಸಲಾಯಿತು.

ಈ ಪ್ರಕರಣದಲ್ಲಿ ರಾಖಿಯ ದೃಶ್ಯವೇ ಮತ್ತೆ ಮತ್ತೆ ಹೇಳಲ್ಪಡುತ್ತದೆ, ಹೇಳಬೇಕಾದದ್ದೇ. ಆದರೆ ಪುನೀತೆಯ ಪಟಕ್ಕೆ ಹಾರ ಹಾಕುವಾಗ ಬಡ್ಡಿ ಸಾಲದ ಲೆಕ್ಕ ಮರೆಯಾಗಬಾರದು. ಆಕೆ ಸತ್ತದ್ದು ಆ ಲೆಕ್ಕವನ್ನು ಕೇಳಿದ್ದಕ್ಕೆ. 2011ರ ನವೆಂಬರಿನಲ್ಲಿ ಜಾರ್ಖಂಡಿನ ಪಾಕುಡದಲ್ಲಿ ಕಲ್ಲಿದ್ದಲು ಗಣಿಗೆ ನೆಲ ಕಳೆದುಕೊಂಡವರ ಜೊತೆ ನಿಂತಿದ್ದ ಸಿಸ್ಟರ್ ವಲ್ಸಾ ಜಾನ್ ಕೂಡ ಕೊಲೆಯಾದರು.

ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು ಬೆಂಗಳೂರಿನವರು ನೆನಪಿಡಬೇಕು. 1970ರ ದಶಕದ ಮಧ್ಯದಿಂದ ಹಲವು ವರ್ಷ ಇಲ್ಲಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ನಡೆಸಿದವರು. ಆಮೇಲೆ ಜಾರ್ಖಂಡಿಗೆ ಹೋಗಿ ಆದಿವಾಸಿಗಳ ಭೂಮಿಯ ಹಕ್ಕು, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ತರುಣರ ಪ್ರಶ್ನೆ ಎತ್ತಿಕೊಂಡರು. 2020ರ ಅಕ್ಟೋಬರ್ 8ರಂದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧನವಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಎಂಬತ್ತು ದಾಟಿದ ಮುದುಕರಿಗೆ ನೀರು ಕುಡಿಯಲು ಕೊಳವೆ ಇರುವ ಲೋಟಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಜಾಮೀನು ಸಿಗದೆ 2021ರ ಜುಲೈ 5ರಂದು ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ಅವರ ಪರವಾಗಿ ಯೇಸುಸಭೆಯವರು ಗಟ್ಟಿಯಾಗಿ ನಿಂತರು. ಇತರ ಅನೇಕ ಸಭೆಗಳ ದನಿ ಸಾವಿನ ನಂತರ ಹೊರಟ ಸಂತಾಪದಲ್ಲಿ ಕೇಳಿದಷ್ಟು ಬಂಧನದ ತಿಂಗಳುಗಳಲ್ಲಿ ಕೇಳಲಿಲ್ಲ.

ಅಧಿಕಾರ ತಮ್ಮದೇ ಮನೆಯದಾದಾಗ ಎದುರಿಸುವುದು ಇನ್ನೂ ಕಷ್ಟ. 2018ರಲ್ಲಿ ಕೇರಳದ ಕುರವಿಲಂಗಾಡಿನ ಐವರು ಸಿಸ್ಟರುಗಳು ಕೊಚ್ಚಿಯ ವಂಚಿ ಚೌಕದ ಬೀದಿಯಲ್ಲಿ ಬಂದು ಕೂತರು. ಬಿಷಪ್ ಒಬ್ಬರು ತನ್ನ ಮೇಲೆ ಅತ್ಯಾಚಾರ ಮಾಡಿದರು ಎಂದು ಅವರ ಜೊತೆಗಾರ್ತಿ ದೂರಿದ್ದರು. 2022ರ ಜನವರಿಯಲ್ಲಿ ಕೋಟ್ಟಯಂ ನ್ಯಾಯಾಲಯ ಆರೋಪಿಯನ್ನು ಖುಲಾಸೆ ಮಾಡಿತು, ಅದರ ಮೇಲೆ ಮೇಲ್ಮನವಿ ಹೋಯಿತು. ತೀರ್ಪು ಏನೇ ಇರಲಿ, ಬಡತನ ಮತ್ತು ವಿಧೇಯತೆಯ ವ್ರತ ತೊಟ್ಟ, ಕೈಯಲ್ಲಿ ಬಿಡಿಗಾಸಿಲ್ಲದ, ಮಠ ಬಿಟ್ಟರೆ ಹೋಗಲು ಮನೆಯಿಲ್ಲದ ಹೆಣ್ಣುಮಕ್ಕಳು ಜೊತೆಗಾರ್ತಿಯ ಮಾತನ್ನು ನಂಬಿ ಬೀದಿಗೆ ಬಂದದ್ದನ್ನು ನಾನು ಪ್ರೀತಿ ಎಂದೇ ಕರೆಯುತ್ತೇನೆ. ಅವರನ್ನು ಒಂಟಿಯಾಗಿಸಿದ ಸಂಸ್ಥೆಯೇ ಬೇರೆಡೆ ಸಾವಿರಾರು ಬಡವರಿಗೆ ಅನ್ನ ಹಾಕುತ್ತಿದೆ ಎಂಬುದೂ ನಿಜ. ಎರಡೂ ಒಟ್ಟಿಗೆ ನಿಜವಾಗಿರುವುದೇ ಈ ಸಮೀಕ್ಷೆಯ ಕಷ್ಟ.

ಮುಂದಿನ ಕೆಲಸ ದೊಡ್ಡ ಮಾತುಗಳದ್ದಲ್ಲ. 2016ರ ದಲಿತ ನೀತಿ ಕಾಗದದಲ್ಲಿದೆ. ಅದನ್ನು ಒಪ್ಪಿದ ಪ್ರತಿ ಧರ್ಮಪ್ರಾಂತ್ಯ ತನ್ನ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಎಷ್ಟು ದಲಿತ ಕ್ರೈಸ್ತರಿಗೆ ಕೆಲಸ, ಎಷ್ಟು ಜನರಿಗೆ ಸೀಟು, ಆಡಳಿತ ಮಂಡಳಿಯಲ್ಲಿ ಎಷ್ಟು ಸ್ಥಾನ ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಭಾನುವಾರದ ಪೂಜೆಯ ನಂತರ ಓದಿ ಹೇಳಲಿ. ಪ್ರೊಟೆಸ್ಟೆಂಟ್ ಸಭೆಗಳಿಗೂ ಇದೇ ಮಾತು. 1950ರ ಆಜ್ಞೆಯನ್ನು ತಿದ್ದಿ ಎಂದು ಸರಕಾರದ ಮುಂದೆ ಹೋಗುವವರ ಕೈಯಲ್ಲಿ ಈ ಲೆಕ್ಕ ಇರಬೇಕು. ಮಂಗಳೂರು, ಬೆಂಗಳೂರು, ಧಾರವಾಡದ ದೊಡ್ಡ ಸಂಸ್ಥೆಗಳಿಂದಲೇ ಅದು ಶುರುವಾಗಬಹುದು. ಅಲ್ಲಿ ದಾಖಲೆಗಳಿವೆ, ಗುಮಾಸ್ತರಿದ್ದಾರೆ, ಲೆಕ್ಕ ಹಾಕಲು ಬೇಕಾದ ಎಲ್ಲವೂ ಇದೆ.